ವ್ಯಾಟ್ ಹುಟ್ಟುವ ಜಾಗ

ಸ್ಪೀಕರ್ ಪೆಟ್ಟಿಗೆಯ ಹಿಂಬದಿಯಲ್ಲಿ ‘8 ಓಮ್’ ಎಂದು ಅಚ್ಚಾಗಿರುತ್ತದೆ. ಆಂಪ್ಲಿಫೈಯರಿನಿಂದ ಬಂದ ತಂತಿ ಬಿಚ್ಚಿ, ಕೆಂಪು-ಕಪ್ಪು ಟರ್ಮಿನಲ್‌ಗಳಿಗೆ ಮಲ್ಟಿಮೀಟರಿನ ಎರಡು ಕಡ್ಡಿ ಹಿಡಿದು ನೋಡಿ. ಮೀಟರು 8 ತೋರಿಸುವುದಿಲ್ಲ. 6ರ ಆಸುಪಾಸು ನಿಲ್ಲುತ್ತದೆ, ಕೆಲವದರಲ್ಲಿ ಐದೂವರೆ. ಸ್ಪೀಕರ್ ಕೆಟ್ಟಿದೆಯೆಂದು ಗಾಬರಿ ಬೇಡ, ತಯಾರಕರು ಸುಳ್ಳು ಬರೆದಿದ್ದಾರೆಂದೂ ಅಲ್ಲ. ಮೀಟರು ಅಳೆದದ್ದು ಒಂದು, ಪೆಟ್ಟಿಗೆಯ ಮೇಲೆ ಬರೆದದ್ದು ಇನ್ನೊಂದು. ಈ ವ್ಯತ್ಯಾಸ ಮನಸ್ಸಿಗೆ ಬಂದರೆ, ಮ್ಯೂಸಿಕ್ ಸಿಸ್ಟಂ ಕೊಳ್ಳಲು ಹೋದಾಗ ಕಿವಿಗೆ ಬೀಳುವ ಓಮು, ವ್ಯಾಟು, ಆರ್‌ಎಂಎಸ್, ಪಿಎಂಪಿಒಗಳ ಗೊಂದಲದಲ್ಲಿ ಮುಕ್ಕಾಲು ಪಾಲು ತಾನಾಗಿ ಬಿಡಿಸಿಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿರುವ ಸ್ಪೀಕರಿನ ಒಳಗಿನ ಏರ್ಪಾಡಿಗೆ ನೂರು ವರ್ಷವಾಯಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಅದನ್ನು ವಿವರಿಸಿ ಪ್ರಬಂಧ ಪ್ರಕಟಿಸಿದರು. ಅಂದಿನಿಂದ ಅಂಟು, ಕಾಗದ, ಅಯಸ್ಕಾಂತ ಎಲ್ಲ ಸುಧಾರಿಸಿವೆ, ಮೂಲ ಉಪಾಯ ಮಾತ್ರ ಹಾಗೇ ಇದೆ. ಕಾಗದದ ಒಂದು ಕೋನ್. ಅದರ ಬೆನ್ನಿಗೆ ಅಂಟಿದ, ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸುರುಳಿ. ಸುರುಳಿ ಓಡಾಡಲು ಅಯಸ್ಕಾಂತದ ನಡುವೆ ಬಿಟ್ಟ ಸಣ್ಣ ಸಂದು. ಸುರುಳಿಯಲ್ಲಿ ಕರೆಂಟು ಹರಿದಾಗ ಅದು ಒಂದು ಕಡೆಗೆ ತಳ್ಳಲ್ಪಡುತ್ತದೆ, ಕರೆಂಟಿನ ದಿಕ್ಕು ತಿರುಗಿದರೆ ಇನ್ನೊಂದು ಕಡೆಗೆ. ಕೋನ್ ಅದರ ಜೊತೆಗೇ ಹೋಗಿ ಗಾಳಿಯನ್ನು ಅಲುಗಿಸುತ್ತದೆ.

ಮಲ್ಟಿಮೀಟರು ಸುರುಳಿಗೆ ಒಂದೇ ದಿಕ್ಕಿನ ಸಣ್ಣ ಕರೆಂಟು ಬಿಟ್ಟು, ಆ ತಾಮ್ರದ ತಂತಿ ಎಷ್ಟು ತಡೆ ಒಡ್ಡುತ್ತದೆ ಎಂದು ಅಳೆಯಿತು. ಆಗ ಕೋನ್ ಅಲುಗಾಡುತ್ತಿರಲಿಲ್ಲ. ಅದು ಮಲಗಿದ್ದ ಸ್ಪೀಕರಿನ ಅಳತೆ. ಹಾಡುವಾಗ ಅದೇ ಸುರುಳಿ ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹಿಂದೆ ಮುಂದೆ ಓಡುತ್ತದೆ. ಓಡುವ ಸುರುಳಿ ಒಡ್ಡುವ ತಡೆಯೇ ಬೇರೆ. ಅದೇ ಇಂಪೀಡೆನ್ಸ್. ತಂತಿಯ ರೋಧ ಅದರ ಒಂದು ಭಾಗ ಮಾತ್ರ.

ಓಡುವ ಸುರುಳಿಗೂ ನಿಂತ ಸುರುಳಿಗೂ ಇರುವ ಫರಕನ್ನು ಬೆರಳಿನಲ್ಲೇ ತಿಳಿಯಬಹುದು. ಪೆಟ್ಟಿಗೆಯಿಂದ ಹೊರತೆಗೆದ ಹಳೆಯ ವೂಫರ್ (ಮಂದ್ರ ನುಡಿಸುವ ಸ್ಪೀಕರ್) ಒಂದನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಡಿ. ಕೋನ್ ಮೇಲೆ ಬೆರಳ ತುದಿಯಿಂದ ಮೆಲ್ಲಗೆ ಬಡಿಯಿರಿ. ‘ಧೊಂ’ ಎಂಬ ಸಡಿಲ ಸದ್ದು ಬರುತ್ತದೆ, ಸ್ವಲ್ಪ ಹೊತ್ತು ಉಳಿಯುತ್ತದೆ. ಈಗ ಎರಡು ಟರ್ಮಿನಲ್‌ಗಳನ್ನು ತಂತಿಯ ಒಂದು ತುಂಡಿನಿಂದ ಜೋಡಿಸಿ ಮತ್ತೆ ಬಡಿಯಿರಿ. ‘ಟಪ್’ ಎಂದು ಅಲ್ಲೇ ನಿಲ್ಲುತ್ತದೆ. ಎರಡೂ ಕಡೆ ಬೆರಳಿಟ್ಟು ಕೋನನ್ನು ಸಮನಾಗಿ ಒತ್ತಿದರೆ, ಯಾರೋ ಒಳಗಿನಿಂದ ಹಿಡಿದಂತೆ ಅದು ಬಿಗಿಯಾಗಿರುವುದು ತಿಳಿಯುತ್ತದೆ. ಬ್ಯಾಟರಿಯಿಲ್ಲ, ಆಂಪ್ಲಿಫೈಯರಿಲ್ಲ, ಆದರೂ ಈ ಹಿಡಿತ ಬಂತು. ಕಾರಣ, ಅಯಸ್ಕಾಂತದ ನಡುವೆ ಸರಿದಾಡುವ ಸುರುಳಿ ತಾನೇ ಒಂದು ಪುಟ್ಟ ಡೈನಮೊ. ನೀವು ಕೋನ್ ಒತ್ತಿದಾಗ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ. ತಂತಿಯ ತುಂಡು ದಾರಿ ಮಾಡಿಕೊಟ್ಟಾಗ ಕರೆಂಟು ಹರಿದು ಆ ಚಲನೆಯನ್ನೇ ತಡೆಯುತ್ತದೆ.

ಇದೇ ಡೈನಮೊ ಹಾಡು ನುಡಿಯುವಾಗಲೂ ಕೆಲಸ ಮಾಡುತ್ತಿರುತ್ತದೆ. ಆಂಪ್ಲಿಫೈಯರ್ ಒಂದು ವೋಲ್ಟೇಜ್ ಕೊಟ್ಟು ಕೋನನ್ನು ಓಡಿಸುತ್ತದೆ. ಓಡಿದ ಕೋನ್ ಅದಕ್ಕೆ ಎದುರಾದ ವೋಲ್ಟೇಜನ್ನು ಹುಟ್ಟಿಸುತ್ತದೆ. ಕೋನ್ ಎಷ್ಟು ಜೋರಾಗಿ ಓಡುತ್ತದೋ ಎದುರು ವೋಲ್ಟೇಜ್ ಅಷ್ಟು ಹೆಚ್ಚು, ಒಳಗೆ ಹೋಗುವ ಕರೆಂಟು ಅಷ್ಟು ಕಡಿಮೆ. ಉಯ್ಯಾಲೆಯನ್ನು ಅದರ ಸ್ವಂತ ಲಯಕ್ಕೆ ಸರಿಯಾಗಿ ತಳ್ಳಿದರೆ ಒಂದು ಬೆರಳಿನ ತಳ್ಳು ಸಾಕಾಗುತ್ತದಲ್ಲ, ಹಾಗೆ ಪ್ರತಿ ವೂಫರಿಗೂ ಒಂದು ಸ್ವಂತ ಲಯವಿದೆ. ಮನೆಯ ಸ್ಪೀಕರ್‌ಗಳಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿಗೆ 40ರಿಂದ 80 ಕಂಪನಗಳ ನಡುವೆ ಬೀಳುತ್ತದೆ. ಆ ಸ್ವರದಲ್ಲಿ ಕೋನ್ ಅತಿ ಕಡಿಮೆ ಕರೆಂಟಿಗೆ ಅತಿ ಸುಲಭವಾಗಿ ಓಡುತ್ತದೆ. ಆಂಪ್ಲಿಫೈಯರಿನ ಕಡೆಯಿಂದ ನೋಡಿದರೆ ಅಲ್ಲಿ 8 ಓಮ್ ಇಲ್ಲವೇ ಇಲ್ಲ. 30, 40, ಕೆಲವೊಮ್ಮೆ ಇನ್ನೂ ಹೆಚ್ಚು ಓಮ್ ಇದೆ.

ಸ್ವರ ಮೇಲೇರಿದಂತೆ ಈ ಗುಡ್ಡ ಇಳಿದು, ತಗ್ಗು ಬರುತ್ತದೆ. ಅಲ್ಲಿ ತಡೆ ಸುರುಳಿಯ ತಾಮ್ರದ ರೋಧದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಇನ್ನೂ ಮೇಲೆ ಹೋದರೆ ಸುರುಳಿಯ ಇಂಡಕ್ಟನ್ಸ್ ಶುರುವಾಗುತ್ತದೆ. ಬೇಗ ಬೇಗ ದಿಕ್ಕು ಬದಲಿಸುವ ಕರೆಂಟಿಗೆ ಸುರುಳಿ ಅಡ್ಡ ನಿಲ್ಲುತ್ತದೆ, ತಡೆ ಮತ್ತೆ ಏರುತ್ತದೆ. ಇಷ್ಟರ ಮೇಲೆ, ಮಂದ್ರವನ್ನು ವೂಫರಿಗೂ ತಾರವನ್ನು ಟ್ವೀಟರಿಗೂ ಹಂಚುವ ಕ್ರಾಸ್‌ಓವರ್ ಎಂಬ ಕೆಪಾಸಿಟರ್-ಕಾಯಿಲುಗಳ ಜಾಲ ತನ್ನದೇ ಏರಿಳಿತ ಸೇರಿಸುತ್ತದೆ. ಪೆಟ್ಟಿಗೆಯಲ್ಲಿ ಗಾಳಿ ಆಡುವ ಕೊಳವೆಯಿದ್ದರೆ ಮಂದ್ರದಲ್ಲಿ ಒಂದು ಗುಡ್ಡದ ಬದಲು ಎರಡು. ಹೀಗೆ ಒಂದೇ ಸ್ಪೀಕರ್ ಒಂದು ಸ್ವರಕ್ಕೆ 40 ಓಮ್, ಇನ್ನೊಂದಕ್ಕೆ 5, ಮತ್ತೊಂದಕ್ಕೆ 15. ಏಕಮುಖ ಕರೆಂಟಿಗೆ ಜಾರ್ಜ್ ಓಮ್ 1827ರಲ್ಲಿ ಕಟ್ಟಿದ ಲೆಕ್ಕವನ್ನು ಇಂಥ ಬದಲಾಗುವ ಕರೆಂಟಿಗೂ ವಿಸ್ತರಿಸಲು ಬೇಕಾದ ಪರಿಕಲ್ಪನೆಗೆ 1886ರಲ್ಲಿ ಇಂಪೀಡೆನ್ಸ್ ಎಂದು ಹೆಸರಿಟ್ಟವರು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಶಾಲೆಯನ್ನು ಬೇಗ ಬಿಟ್ಟು, ತಂತಿ ಕಚೇರಿಯಲ್ಲಿ ಕೆಲಸ ಮಾಡಿ, ಗಣಿತವನ್ನು ತಾವೇ ಕಲಿತವರು ಅವರು. ಸ್ಪೀಕರ್ ಹುಟ್ಟುವ ಮೊದಲೇ ಅದರ ಲೆಕ್ಕಕ್ಕೆ ಬೇಕಾದ ಸಲಕರಣೆಯನ್ನು ಅವರು ಮಾಡಿಟ್ಟಿದ್ದರು ಎಂಬುದು ನನಗೆ ಬಹಳ ಇಷ್ಟದ ಸಂಗತಿ.

ಹಾಗಾದರೆ ಹಿಂಬದಿಯ ಆ ‘8’ ಎಲ್ಲಿಂದ ಬಂತು? ಅದು ಒಂದು ಭರವಸೆ. ಧ್ವನಿವರ್ಧಕಗಳ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ, ಬಳಕೆಯ ವ್ಯಾಪ್ತಿಯಲ್ಲಿ ಯಾವ ಸ್ವರಕ್ಕೂ ಸ್ಪೀಕರಿನ ಇಂಪೀಡೆನ್ಸ್ ತನ್ನ ಹೆಸರಿನ ಅಂಕಿಯ ಶೇ. 80ಕ್ಕಿಂತ ಕೆಳಗೆ ಇಳಿಯಬಾರದು. 8 ಓಮಿನ ಸ್ಪೀಕರ್ 6.4ಕ್ಕಿಂತ ಕೆಳಗಿಳಿಯಬಾರದು, 4 ಓಮಿನದು 3.2ಕ್ಕಿಂತ. ಈ ಮಾತನ್ನು ಎಲ್ಲ ತಯಾರಕರೂ ಉಳಿಸಿಕೊಳ್ಳುವುದಿಲ್ಲ. 8 ಎಂದು ಬರೆದು 4ರವರೆಗೆ ಇಳಿಯುವ ಸ್ಪೀಕರ್‌ಗಳು ಒಳ್ಳೆಯ ಹೆಸರಿರುವ ಕಂಪನಿಗಳಲ್ಲೂ ಇವೆ. ಆದ್ದರಿಂದ ಸ್ಪೀಕರಿನ ಕೈಪಿಡಿಯಲ್ಲಿ ‘ಕನಿಷ್ಠ ಇಂಪೀಡೆನ್ಸ್’ ಎಂಬ ಸಾಲು ಬೇರೆಯಾಗಿ ಇದ್ದರೆ, ದೊಡ್ಡ ಅಕ್ಷರದ ಅಂಕಿಗಿಂತ ಅದನ್ನೇ ನಂಬಿ.

ಆಂಪ್ಲಿಫೈಯರ್ ಕೊಡುವುದೇನು

‘ಈ ಆಂಪ್ಲಿಫೈಯರ್ 100 ವ್ಯಾಟಿನದು’ ಎನ್ನುತ್ತೇವೆ, ಅದರೊಳಗೆ 100 ವ್ಯಾಟ್ ತುಂಬಿಟ್ಟಿರುವಂತೆ. ಇಂದಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮಾಡುವುದು ಒಂದೇ ಕೆಲಸ: ಮೊಬೈಲಿನಿಂದಲೋ ಸಿ.ಡಿ. ಪ್ಲೇಯರಿನಿಂದಲೋ ಬಂದ ಸಣ್ಣ ವೋಲ್ಟೇಜನ್ನು ಅದೇ ಆಕಾರದಲ್ಲಿ ದೊಡ್ಡದು ಮಾಡಿ ಟರ್ಮಿನಲ್‌ಗಳ ನಡುವೆ ನಿಲ್ಲಿಸುವುದು. ಸ್ಪೀಕರ್ ಜೋಡಿಸದಿದ್ದರೂ ಆ ವೋಲ್ಟೇಜ್ ಅಲ್ಲಿರುತ್ತದೆ. ಆಗ ವ್ಯಾಟ್ ಸೊನ್ನೆ. ಸ್ಪೀಕರ್ ಬಂದು ಕೂತಾಗ, ಅದು ತನ್ನ ಆ ಕ್ಷಣದ ಇಂಪೀಡೆನ್ಸಿಗೆ ತಕ್ಕಷ್ಟು ಕರೆಂಟನ್ನು ಎಳೆದುಕೊಳ್ಳುತ್ತದೆ. ವ್ಯಾಟ್ ಹುಟ್ಟುವುದು ಈ ಎರಡರ ನಡುವೆ. ವೋಲ್ಟೇಜ್ ಆಂಪ್ಲಿಫೈಯರಿನದು, ಕರೆಂಟಿನ ಬೇಡಿಕೆ ಸ್ಪೀಕರಿನದು.

ಲೆಕ್ಕ ಸುಲಭ. ವೋಲ್ಟೇಜನ್ನು ಅದರಿಂದಲೇ ಗುಣಿಸಿ ಓಮಿನಿಂದ ಭಾಗಿಸಿದರೆ ವ್ಯಾಟ್. 8 ಓಮಿಗೆ 100 ವ್ಯಾಟ್ ಹೋಗಬೇಕಾದರೆ 28.3 ವೋಲ್ಟ್ ಬೇಕು. ಇದು ಏರಿಳಿಯುವ ಅಲೆಯ ಪರಿಣಾಮಕಾರಿ ವೋಲ್ಟೇಜ್, ಅಂದರೆ ಆರ್‌ಎಂಎಸ್. ಅಲೆಯ ತುದಿ 40 ವೋಲ್ಟ್ ಮುಟ್ಟುತ್ತದೆ, ತುದಿಯಲ್ಲಿ ಹರಿಯುವ ಕರೆಂಟು 5 ಆಂಪಿಯರ್. ವಾಲ್ಯೂಮ್ ಗುಂಡಿ ಮುಟ್ಟದೆ 4 ಓಮಿನ ಸ್ಪೀಕರ್ ಜೋಡಿಸಿದರೆ ಅದೇ 28.3 ವೋಲ್ಟಿಗೆ 200 ವ್ಯಾಟ್, 10 ಆಂಪಿಯರ್. 2 ಓಮ್ ಆದರೆ 400 ವ್ಯಾಟ್, 20 ಆಂಪಿಯರ್. ಕಾಗದದ ಮೇಲೆ ಇದು ಲಾಭವೇ. ‘ಸಾರ್, ನಾಲ್ಕು ಓಮಿಂದು ತಗೊಳ್ಳಿ, ಪವರ್ ಜಾಸ್ತಿ ಬರುತ್ತೆ’ ಎನ್ನುವವರ ಮಾತಿಗೆ ಆಧಾರವೂ ಇದೇ. ಆದರೆ ಆ ಕರೆಂಟನ್ನು ಒದಗಿಸಬೇಕಾದದ್ದು ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್, ತಾಳಿಕೊಳ್ಳಬೇಕಾದದ್ದು ಅದರ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು. ಓಮ್ ಅರ್ಧವಾದಾಗ ವ್ಯಾಟ್ ಪೂರ್ತಿ ಇಮ್ಮಡಿಯಾಗುವ ಆಂಪ್ಲಿಫೈಯರ್‌ಗಳು ಅಪರೂಪ, ತೂಕವೂ ಬೆಲೆಯೂ ಜಾಸ್ತಿ. ಸಾಮಾನ್ಯವಾದದ್ದು 8 ಓಮಿಗೆ 100 ಕೊಟ್ಟರೆ 4 ಓಮಿಗೆ ನೂರೈವತ್ತರ ಹತ್ತಿರ ಸುಸ್ತಾಗುತ್ತದೆ. ಕೈಪಿಡಿಯಲ್ಲಿ ಎರಡೂ ಅಂಕಿ ಕೊಟ್ಟಿದ್ದರೆ, ಅವುಗಳ ಅನುಪಾತ ನೋಡಿಯೇ ಒಳಗಿನ ಪವರ್ ಸಪ್ಲೈ ಎಂಥದೆಂದು ಹೇಳಬಹುದು.

ಶಾಖದ ಲೆಕ್ಕ ಇನ್ನೂ ಸೂಕ್ಷ್ಮ. ಮನೆಯ ಅನೇಕ ಆಂಪ್ಲಿಫೈಯರ್‌ಗಳು ಕ್ಲಾಸ್ ಎಬಿ ಎಂಬ ಬಗೆಯವು. ಅವು ಅತಿ ಹೆಚ್ಚು ಬಿಸಿಯಾಗುವುದು ಪೂರ್ಣ ಶಕ್ತಿಯಲ್ಲಿ ನುಡಿಯುವಾಗ ಅಲ್ಲ, ಸುಮಾರು ಶೇ. 40ರ ಶಕ್ತಿಯಲ್ಲಿ. 8 ಓಮಿಗೆ 100 ವ್ಯಾಟಿನ ಆದರ್ಶ ಆಂಪ್ಲಿಫೈಯರ್ ಒಂದನ್ನು ಊಹಿಸಿಕೊಂಡು ಲೆಕ್ಕ ಹಾಕಿದರೆ, 100 ವ್ಯಾಟ್ ಕೊಡುವಾಗ ಟ್ರಾನ್ಸಿಸ್ಟರ್‌ಗಳಲ್ಲಿ ಸುಮಾರು 27 ವ್ಯಾಟ್ ಶಾಖವಾಗುತ್ತದೆ. 33 ವ್ಯಾಟ್ ಕೊಡುವಾಗ ಸುಮಾರು 40 ವ್ಯಾಟ್! ಪೂರ್ಣ ಶಕ್ತಿಯಲ್ಲಿ ವೋಲ್ಟೇಜಿನ ಹೆಚ್ಚು ಪಾಲು ಸ್ಪೀಕರಿಗೆ ದಾಟಿಹೋಗುತ್ತದೆ, ನಡುಮಟ್ಟದಲ್ಲಿ ಮಿಕ್ಕ ವೋಲ್ಟೇಜನ್ನು ಟ್ರಾನ್ಸಿಸ್ಟರ್ ತನ್ನ ಮೈಮೇಲೆ ಹೊರುತ್ತದೆ. ಅದೇ ವೋಲ್ಟೇಜಿಗೆ 4 ಓಮ್ ಜೋಡಿಸಿದರೆ ಈ ಎಲ್ಲ ಶಾಖವೂ ಎರಡು ಪಟ್ಟು. ಇದರ ಜೊತೆಗೆ, ಸ್ಪೀಕರಿನ ಕೆಪಾಸಿಟರು-ಕಾಯಿಲುಗಳಿಂದಾಗಿ ಕರೆಂಟು ವೋಲ್ಟೇಜಿನ ಜೊತೆ ಹೆಜ್ಜೆ ಹಾಕದೆ ಮುಂದೆಯೋ ಹಿಂದೆಯೋ ಹೋಗುವುದುಂಟು. ಆಗ ಟ್ರಾನ್ಸಿಸ್ಟರ್ ಹೆಚ್ಚು ವೋಲ್ಟೇಜನ್ನೂ ಹೆಚ್ಚು ಕರೆಂಟನ್ನೂ ಒಟ್ಟಿಗೇ ಹೊರಬೇಕು. ಓಮಿನ ಅಂಕಿ ಒಂದೇ ಇದ್ದರೂ ಒಂದು ಸ್ಪೀಕರ್ ಸುಲಭ, ಇನ್ನೊಂದು ಕಷ್ಟ ಎಂದು ಅನುಭವಿಗಳು ಹೇಳುವುದು ಈ ಕಾರಣಕ್ಕೆ.

ಕಷ್ಟದ ಸ್ಪೀಕರ್ ಎಷ್ಟು ಕಷ್ಟದ್ದಾಗಬಹುದು ಎಂಬುದಕ್ಕೆ 1980ರ ದಶಕದ ಅಮೆರಿಕದ ಅಪೋಜಿ ಸಿಂಟಿಲ್ಲಾ ಸ್ಪೀಕರ್ ಒಂದು ಉದಾಹರಣೆ. ಅದರಲ್ಲಿ ಕೋನಿಗೆ ಅಂಟಿದ ಸುರುಳಿಯ ಬದಲು ಅಲ್ಯೂಮಿನಿಯಂ ರಿಬ್ಬನ್‌ಗಳಿದ್ದವು. ರಿಬ್ಬನ್ ಉದ್ದದ ತಂತಿಯಲ್ಲವಾದ್ದರಿಂದ ರೋಧ ತೀರ ಕಡಿಮೆ, ಇಡೀ ಸ್ಪೀಕರಿನ ಇಂಪೀಡೆನ್ಸ್ 1 ಓಮ್. ಮೇಲಿನ 28.3 ವೋಲ್ಟನ್ನು ಅದಕ್ಕೆ ಕೊಟ್ಟರೆ 800 ವ್ಯಾಟ್ ಹರಿಯಬೇಕು. ಮಾಮೂಲಿ ಆಂಪ್ಲಿಫೈಯರ್‌ಗಳು ಅದರ ಮುಂದೆ ಫ್ಯೂಸ್ ಸುಟ್ಟುಕೊಂಡು ಕೂರುತ್ತಿದ್ದವು. ಕ್ರೆಲ್‌ನಂಥ ಕೆಲವೇ ಆಂಪ್ಲಿಫೈಯರ್ ಕಂಪನಿಗಳು ಅದನ್ನು ನಡೆಸಬಲ್ಲವೆಂದೇ ಹೆಸರು ಗಳಿಸಿದವು.

ನಮ್ಮ ಮನೆಗಳಿಗೆ ಸಿಂಟಿಲ್ಲಾ ಬರುವುದಿಲ್ಲ. ಆದರೆ ಅದೇ ಕಷ್ಟ ಬೇರೆ ಬಾಗಿಲಿನಿಂದ ಬರುತ್ತದೆ. ಹಾಲ್‌ನಲ್ಲಿ ಒಂದು ಜೊತೆ ಸ್ಪೀಕರ್ ಇದೆ, ಅಡುಗೆಮನೆಗೂ ಒಂದು ಜೊತೆ ಇರಲೆಂದು ಅದೇ ಟರ್ಮಿನಲ್‌ಗಳಿಗೆ ಇನ್ನೆರಡು ತಂತಿ ಸಿಕ್ಕಿಸುತ್ತೇವೆ. 8 ಓಮಿನ ಎರಡು ಸ್ಪೀಕರ್ ಹೀಗೆ ಪ್ಯಾರಲಲ್ ಆಗಿ ಕೂತರೆ ಆಂಪ್ಲಿಫೈಯರಿಗೆ ಕಾಣುವುದು 4 ಓಮ್. 4 ಓಮಿನ ಎರಡಾದರೆ 2 ಓಮ್, ತಗ್ಗಿನ ಸ್ವರಗಳಲ್ಲಿ ಇನ್ನೂ ಕಡಿಮೆ. ಮೆಲ್ಲಗೆ ಕೇಳುವವರೆಗೆ ಏನೂ ಆಗುವುದಿಲ್ಲ. ಹಬ್ಬದ ದಿನ ನೆಂಟರು ಬಂದು ವಾಲ್ಯೂಮ್ ಏರಿದಾಗ ಪ್ರೊಟೆಕ್ಷನ್ ದೀಪ ಹೊತ್ತಿ ಸದ್ದು ನಿಲ್ಲುತ್ತದೆ, ಆ ರಕ್ಷಣೆ ಇಲ್ಲದಿದ್ದರೆ ಟ್ರಾನ್ಸಿಸ್ಟರ್ ಹೋಗುತ್ತದೆ. ಸೀರೀಸ್ ಆಗಿ ಜೋಡಿಸಿದರೆ ಈ ಅಪಾಯವಿಲ್ಲ. 8 ಮತ್ತು 8 ಸೇರಿ 16 ಆಗುತ್ತದೆ, ಸದ್ದು ಕಡಿಮೆಯಾಗುತ್ತದೆ ಅಷ್ಟೇ. ಆದರೆ ಎರಡೂ ಒಂದೇ ಮಾದರಿಯವಾಗಿರಲಿ. ಬೇರೆ ಬೇರೆಯಾದರೆ ಒಂದರ ಗುಡ್ಡ-ತಗ್ಗು ಇನ್ನೊಂದರ ಸ್ವರವನ್ನು ಕೆಡಿಸುತ್ತದೆ.

‘ಆಂಪ್ಲಿಫೈಯರ್ 8 ಓಮ್ ಎಂದಿದೆ, ಸ್ಪೀಕರೂ ಸರಿಯಾಗಿ 8 ಓಮೇ ಆಗಬೇಕು’ ಎಂಬ ನಂಬಿಕೆ ವಾಲ್ವ್ ಕಾಲದ್ದು. ವಾಲ್ವ್‌ಗಳಿಗೆ ಹೆಚ್ಚು ವೋಲ್ಟೇಜ್, ಕಡಿಮೆ ಕರೆಂಟು ಬೇಕು. ಸ್ಪೀಕರಿಗೆ ಅದರ ತಿರುಗುಮುರುಗು. ನಡುವೆ ಟ್ರಾನ್ಸ್‌ಫಾರ್ಮರ್ ಇಟ್ಟು 4, 8, 16 ಓಮಿಗೆ ಬೇರೆ ಬೇರೆ ಟ್ಯಾಪ್ ತೆಗೆಯುತ್ತಿದ್ದರು. ಅಲ್ಲಿ ಸರಿಯಾದದ್ದಕ್ಕೆ ಸರಿಯಾದದ್ದನ್ನೇ ಜೋಡಿಸಬೇಕಿತ್ತು, ಸ್ಪೀಕರ್ ಇಲ್ಲದೆ ಖಾಲಿ ಓಡಿಸುವುದೂ ಅಪಾಯವಾಗಿತ್ತು. ಊರಿನ ದೇವಸ್ಥಾನ, ಶಾಲೆಗಳಲ್ಲಿ ಕಾಣುವ ಅಹುಜಾದಂಥ ಮೈಕ್‌ಸೆಟ್ ಆಂಪ್ಲಿಫೈಯರುಗಳ ಹಿಂಬದಿಯಲ್ಲಿ ಇಂದಿಗೂ ಈ ಓಮಿನ ಟ್ಯಾಪ್‌ಗಳಿವೆ, ಜೊತೆಗೆ ದೂರದ ಹಾರ್ನ್‌ಗಳಿಗೆ 70 ಮತ್ತು 100 ವೋಲ್ಟ್ ಲೈನು. ಮನೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಆ ಕಟ್ಟುಪಾಡು ಇಲ್ಲ. ಅದರ ಮೇಲೆ ಬರೆದ ಓಮ್ ಒಂದು ಕೆಳಮಿತಿ. ಅದಕ್ಕಿಂತ ಹೆಚ್ಚಿನ ಓಮಿನ ಯಾವ ಸ್ಪೀಕರೂ ನಡೆಯುತ್ತದೆ.

ಅಂಕಿಯ ಹಿಂದಿನ ಷರತ್ತು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಕೊಂಡು ಆಂಪ್ಲಿಫೈಯರ್ ಕಟ್ಟಲು ಕಲಿತ ಹುಡುಗರಿಗೆ 4440 ಎಂಬ ಸಂಖ್ಯೆ ಚಿರಪರಿಚಿತ. ಜಪಾನಿನ ಸ್ಯಾನ್ಯೊ ಕಂಪನಿ ಕಾರ್ ಸ್ಟೀರಿಯೊಗಳಿಗೆಂದು ಮಾಡಿದ ಎಲ್ಎ4440 ಎಂಬ 14 ಕಾಲಿನ ಐ.ಸಿ. ಅದು. ನಮ್ಮ ರೇಡಿಯೊ ರಿಪೇರಿಯವರ ಕೈಯಲ್ಲಿ ಅದು ಟೇಪ್ ರೆಕಾರ್ಡರಿಗೂ, ಟಿ.ವಿ.ಗೆ ಜೋಡಿಸುವ ಮರದ ಪೆಟ್ಟಿಗೆಗೂ, ಆಟೊ ರಿಕ್ಷಾದ ಸೀಟಿನ ಹಿಂದಕ್ಕೂ ಬಂತು. ಅದರ ಡೇಟಾಶೀಟನ್ನು ಒಮ್ಮೆ ನಿಧಾನವಾಗಿ ಓದುವುದು ವ್ಯಾಟಿನ ಬಗ್ಗೆ ನಾನು ಬಲ್ಲ ಅತ್ಯುತ್ತಮ ಪಾಠ. 13.2 ವೋಲ್ಟ್ ಕೊಟ್ಟು 4 ಓಮಿನ ಸ್ಪೀಕರ್ ಜೋಡಿಸಿದರೆ ಪ್ರತಿ ಚಾನೆಲಿಗೆ 6 ವ್ಯಾಟ್, ಎರಡು ಚಾನೆಲನ್ನೂ ಒಂದು ಮಾಡಿ ಬ್ರಿಡ್ಜ್ ಜೋಡಣೆಯಲ್ಲಿ ಬಳಸಿದರೆ 19 ವ್ಯಾಟ್ ಎಂದು ಅದು ಹೇಳುತ್ತದೆ.

ಈ 6 ವ್ಯಾಟನ್ನು ಪರೀಕ್ಷಿಸೋಣ. ಒಟ್ಟು 13.2 ವೋಲ್ಟ್ ಇದ್ದರೆ ಸದ್ದಿನ ಅಲೆ ನಡುವಿನಿಂದ ಮೇಲಕ್ಕೆ 6.6, ಕೆಳಕ್ಕೆ 6.6 ವೋಲ್ಟ್ ಮಾತ್ರ ಹೋಗಬಲ್ಲದು, ಅದೂ ಐ.ಸಿ. ಒಳಗೆ ಒಂದಿಷ್ಟೂ ನಷ್ಟವಾಗದಿದ್ದರೆ. ಅಂಥ ಅಲೆಯ ಪರಿಣಾಮಕಾರಿ ವೋಲ್ಟೇಜ್ 4.67. ವರ್ಗ ಮಾಡಿ 4ರಿಂದ ಭಾಗಿಸಿದರೆ ಐದೂವರೆಗಿಂತ ಸ್ವಲ್ಪ ಕಡಿಮೆ. ಭೌತವಿಜ್ಞಾನ ಒಪ್ಪುವ ಗರಿಷ್ಠ ಶುದ್ಧ ಶಕ್ತಿಯೇ ಐದೂವರೆ ವ್ಯಾಟ್ ಮುಟ್ಟದಿದ್ದಾಗ ಡೇಟಾಶೀಟಿನ 6 ಹೇಗೆ ಬಂತು? ಉತ್ತರ ಅದೇ ಸಾಲಿನ ಕೊನೆಯಲ್ಲಿದೆ: ವಿರೂಪ ಶೇ. 10. ಅಂದರೆ ಅಲೆಯ ನೆತ್ತಿ ಚಾವಣಿಗೆ ಬಡಿದು ಚಪ್ಪಟೆಯಾಗುವವರೆಗೆ ಒತ್ತಿ ಅಳೆದದ್ದು. ಚಪ್ಪಟೆಯಾದ ಅಲೆಯಲ್ಲಿ ಶಕ್ತಿ ಹೆಚ್ಚಿರುತ್ತದೆ. ಪೂರ್ತಿ ಚೌಕವಾದರಂತೂ ಅದೇ ಎತ್ತರದ ನಯವಾದ ಅಲೆಗಿಂತ ಎರಡು ಪಟ್ಟು. ಸ್ಯಾನ್ಯೊ ಇಲ್ಲಿ ಮೋಸ ಮಾಡಿಲ್ಲ. ಷರತ್ತನ್ನು ಪಕ್ಕದಲ್ಲೇ ಅಚ್ಚು ಮಾಡಿದೆ. ಆದರೆ ಇದೇ ಐ.ಸಿ. ಕೂರಿಸಿದ ಬೋರ್ಡು ಮಾರುಕಟ್ಟೆಗೆ ಬರುವಾಗ ಷರತ್ತು ಹಿಂದೆ ಉಳಿದು, ಅಂಕಿ ಮಾತ್ರ ನೂರು, ಇನ್ನೂರು ಎಂದು ಬೆಳೆದು ಬಂದಿರುತ್ತದೆ.

ಆ ಬೆಳವಣಿಗೆಯ ಕೊನೆಯ ಹಂತ ಪಿಎಂಪಿಒ. ಒಂದು ಕಾಲದಲ್ಲಿ ತೀರ ಸಣ್ಣ ಟೂ-ಇನ್-ಒನ್ ಪೆಟ್ಟಿಗೆಗಳ ಮೇಲೂ ಸಾವಿರಾರು ವ್ಯಾಟ್ ಪಿಎಂಪಿಒ ಎಂದು ಹೊಳೆಯುವ ಸ್ಟಿಕ್ಕರ್ ಇರುತ್ತಿತ್ತು. ಸಂಗೀತದ ಕ್ಷಣಿಕ ತುದಿಯಲ್ಲಿ ಸಿಗಬಹುದಾದ ಶಕ್ತಿ ಎಂಬ ವಿವರಣೆ ಅದಕ್ಕಿದೆ. ಆದರೆ ಎಷ್ಟು ಕ್ಷಣ, ಎಷ್ಟು ಓಮಿಗೆ, ಎಷ್ಟು ವಿರೂಪದಲ್ಲಿ ಎಂದು ಹೇಳುವ ಒಪ್ಪಿತ ಮಾನದಂಡವೇ ಇಲ್ಲ. ಅದನ್ನು ಪರಿಶೀಲಿಸಲು ಉಪಕರಣ ಬೇಡ. ಪೆಟ್ಟಿಗೆ ತಿರುಗಿಸಿ, ಕರೆಂಟಿನ ವಯರ್ ಹೊರಬರುವ ಜಾಗದಲ್ಲಿ ಅಂಟಿಸಿದ ಚೀಟಿ ಓದಿದರಾಯಿತು. ಅಲ್ಲಿ ‘230 ವೋಲ್ಟ್, 50 ಹರ್ಟ್ಸ್, 30 ವ್ಯಾಟ್’ ಎಂದಿದ್ದರೆ, ಗೋಡೆಯಿಂದ 30 ವ್ಯಾಟ್ ತೆಗೆದುಕೊಂಡು ಎಡೆಬಿಡದೆ 3000 ವ್ಯಾಟ್ ಕೊಡುವ ಯಂತ್ರ ಈ ಲೋಕದಲ್ಲಿ ಇರಲಾರದು. ಮೂರು ಸಾವಿರ ವ್ಯಾಟ್ ಎಂದರೆ ಬಚ್ಚಲುಮನೆಯ ದೊಡ್ಡ ಗೀಸರಿನ ಶಕ್ತಿ. ಕಷ್ಟಪಟ್ಟು ದುಡ್ಡು ಕೂಡಿಸಿ ಮೊದಲ ಮ್ಯೂಸಿಕ್ ಸಿಸ್ಟಂ ಕೊಂಡ ಎಷ್ಟೋ ಮನೆಗಳಿಗೆ ಈ ಸ್ಟಿಕ್ಕರ್ ಮಾಡಿದ ಅನ್ಯಾಯ ಸಣ್ಣದಲ್ಲ.

ಇಂಥ ಅಂಕಿಗಳ ಹುಚ್ಚಾಟ ಅಮೆರಿಕದಲ್ಲಿ ಇನ್ನೂ ಮೊದಲೇ ನಡೆದಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಒಂದು ನಿಯಮ ತಂದು, ಮನೆಯ ಆಂಪ್ಲಿಫೈಯರಿನ ವ್ಯಾಟ್ ಹೇಳುವಾಗ ಎಷ್ಟು ಓಮಿಗೆ, ಯಾವ ಸ್ವರದಿಂದ ಯಾವ ಸ್ವರದವರೆಗೆ, ಎಷ್ಟು ವಿರೂಪದಲ್ಲಿ ಎಂಬುದನ್ನೂ ಹೇಳಲೇಬೇಕೆಂದಿತು. ಅಳೆಯುವ ಮೊದಲು ಆಂಪ್ಲಿಫೈಯರನ್ನು ಅದರ ಮೂರನೇ ಒಂದು ಶಕ್ತಿಯಲ್ಲಿ ಒಂದು ಗಂಟೆ ಓಡಿಸಿ ಕಾಯಿಸಬೇಕಿತ್ತು. ಮೂರನೇ ಒಂದು ಎಂದರೆ, ಆಗಲೇ ನೋಡಿದ 33 ವ್ಯಾಟಿನ ಜಾಗ, ಟ್ರಾನ್ಸಿಸ್ಟರ್ ಅತಿ ಹೆಚ್ಚು ಬಿಸಿಯಾಗುವ ಮಟ್ಟದ ಹತ್ತಿರ. ತಯಾರಕರು ಇದು ಅತಿ ಕಠಿಣವೆಂದು ವಾದಿಸಿದರು, ಮುಂದೆ ಅದನ್ನು ಎಂಟನೇ ಒಂದಕ್ಕೆ ಇಳಿಸಲಾಯಿತು. ನಿಜವಾದ ಸಂಗೀತದ ಸರಾಸರಿ ಶಕ್ತಿ ಸಾಮಾನ್ಯವಾಗಿ ಅದಕ್ಕಿಂತಲೂ ಕಡಿಮೆಯೇ ಇರುವುದರಿಂದ ಈ ಇಳಿಕೆ ನನಗೆ ನ್ಯಾಯವಾಗಿಯೇ ಕಾಣುತ್ತದೆ. 2024ರಲ್ಲಿ ಮತ್ತೆ ಬಿಗಿ ಮಾಡಿ, ಹೋಲಿಸಲು ಬರುವಂತೆ ಒಂದೇ ಅಳತೆಗೋಲು ಗೊತ್ತುಪಡಿಸಿದರು: 8 ಓಮ್, 20ರಿಂದ 20,000 ಹರ್ಟ್ಸ್, ವಿರೂಪ ಶೇ. 1ಕ್ಕಿಂತ ಕಡಿಮೆ. ಹೋಮ್ ಥಿಯೇಟರ್ ರಿಸೀವರ್‌ಗಳ ಪೆಟ್ಟಿಗೆಯ ಮೇಲೆ ‘6 ಓಮ್, 1 ಕಿಲೊಹರ್ಟ್ಸ್, ವಿರೂಪ ಶೇ. 10, ಒಂದು ಚಾನೆಲ್’ ಎಂಬ ಸಣ್ಣಕ್ಷರ ಕಂಡರೆ, ಅದರ ಪಕ್ಕದ ದೊಡ್ಡಕ್ಷರದ 150ನ್ನು ಈ ಅಳತೆಗೋಲಿಗೆ ತಂದಾಗ ಅರ್ಧ ಉಳಿದರೂ ಸಂತೋಷ. ಅಂಥ ರಿಸೀವರ್‌ಗಳಲ್ಲಿ ಕೆಲವಕ್ಕೆ 4 ಓಮ್-8 ಓಮ್ ಎಂಬ ಆಯ್ಕೆಯೂ ಇರುತ್ತದೆ. ಸಾಮಾನ್ಯವಾಗಿ ಅದು ಮಾಡುವುದು ಒಳಗಿನ ವೋಲ್ಟೇಜ್ ತಗ್ಗಿಸಿ ಶಾಖ ಕಡಿಮೆ ಮಾಡುವ ಕೆಲಸವನ್ನು. 4 ಓಮಿಗೆ ಹೆಚ್ಚಿನ ಕಸುವು ಅದರಿಂದ ಬರುವುದಿಲ್ಲ.

ಎಷ್ಟು ವ್ಯಾಟ್ ಬೇಕು

ಇಷ್ಟೆಲ್ಲ ಅಂಕಿಗಳ ಮುಂದೆ ನಿಂತು ಮನೆಗೆ ಎಷ್ಟು ಸಾಕೆಂದು ಕೇಳಿದರೆ, ಉತ್ತರ ಅಚ್ಚರಿ ತರುವಷ್ಟು ಚಿಕ್ಕದು. ಸ್ಪೀಕರಿನ ಕೈಪಿಡಿಯಲ್ಲಿ ‘ಸೆನ್ಸಿಟಿವಿಟಿ 87 ಡೆಸಿಬೆಲ್, 2.83 ವೋಲ್ಟ್, 1 ಮೀಟರ್’ ಎಂದಿರುತ್ತದೆ. 8 ಓಮಿಗೆ 2.83 ವೋಲ್ಟ್ ಕೊಟ್ಟರೆ ಸರಿಯಾಗಿ 1 ವ್ಯಾಟ್. ಆ ಒಂದು ವ್ಯಾಟಿಗೆ ಮೀಟರ್ ದೂರದಲ್ಲಿ 87 ಡೆಸಿಬೆಲ್ ಸದ್ದು. ಎದುರು ಕೂತು ಮಾತಾಡುವ ಮಾತು 60ರ ಸುಮಾರು. ಮೂರು ಮೀಟರ್ ಆಚೆ ಸೋಫಾದಲ್ಲಿ ಕೂತರೂ, ಎರಡು ಸ್ಪೀಕರ್‌ಗಳು ಒಂದೊಂದು ವ್ಯಾಟ್ ತಿಂದರೆ ಮನೆಮಂದಿ ಮಾತು ನಿಲ್ಲಿಸಿ ಕೇಳುವಷ್ಟು ಸದ್ದು ಸಿಗುತ್ತದೆ. ಇದೇ ಸ್ಪೀಕರ್ 4 ಓಮಿನದಾಗಿದ್ದರೆ 2.83 ವೋಲ್ಟಿಗೆ ಅದು 2 ವ್ಯಾಟ್ ಎಳೆದಿರುತ್ತದೆ. ಆಗ ಆ 87 ಎಂಬುದು ವ್ಯಾಟ್ ಲೆಕ್ಕದಲ್ಲಿ 84 ಮಾತ್ರ. ಎರಡು ಸ್ಪೀಕರ್‌ಗಳನ್ನು ಹೋಲಿಸುವಾಗ ಈ ಸಣ್ಣ ಸಂಗತಿ ಬಹಳ ಜನರ ಕಣ್ಣು ತಪ್ಪಿಸುತ್ತದೆ.

ಒಂದು ವ್ಯಾಟ್ ಸಾಕಾದರೆ ನೂರು ಏಕೆ? ಸಂಗೀತ ಸಮತಟ್ಟಾಗಿ ಹರಿಯುವುದಿಲ್ಲ. ತಂಬೂರದ ಶ್ರುತಿಯ ಮೇಲೆ ಗಾಯಕಿಯ ದನಿ, ಅದರ ನಡುವೆ ಮೃದಂಗದ ಒಂದು ಚಾಪು. ಯಕ್ಷಗಾನದ ಧ್ವನಿಮುದ್ರಣವಾದರೆ ಭಾಗವತಿಕೆಯ ನಡುವೆ ಚೆಂಡೆಯ ಪೆಟ್ಟು. ಚೆನ್ನಾಗಿ ಮುದ್ರಿಸಿದ ಸಂಗೀತದಲ್ಲಿ ಅಂಥ ಪೆಟ್ಟಿನ ತುದಿ ಸರಾಸರಿಗಿಂತ 20 ಡೆಸಿಬೆಲ್‌ವರೆಗೂ ಮೇಲೇರಬಹುದು. ಡೆಸಿಬೆಲ್ ಲೆಕ್ಕದಲ್ಲಿ 10 ಏರಿದರೆ ಶಕ್ತಿ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು. ಸರಾಸರಿ 1 ವ್ಯಾಟಿನಲ್ಲಿ ಹಾಡುತ್ತಿರುವ ಸ್ಪೀಕರಿಗೆ ಆ ಒಂದು ಪೆಟ್ಟಿಗೆ 100 ವ್ಯಾಟ್ ಬೇಕು, ಸೆಕೆಂಡಿನ ಸಣ್ಣ ತುಣುಕಿನಷ್ಟು ಹೊತ್ತು. ದೊಡ್ಡ ಆಂಪ್ಲಿಫೈಯರ್ ಬೇಕಾಗುವುದು ಅಲ್ಲಿಗೆ. ಹಾಗೆಂದು 80 ವ್ಯಾಟಿನದು ಬಿಟ್ಟು 100 ವ್ಯಾಟಿನದಕ್ಕೆ ಹೆಚ್ಚು ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಅವುಗಳ ನಡುವಿನ ವ್ಯತ್ಯಾಸ 1 ಡೆಸಿಬೆಲ್, ಕಿವಿಗೆ ಅದು ಗೊತ್ತಾಗುವುದೇ ಕಷ್ಟ. ವ್ಯಾಟ್ ಇಮ್ಮಡಿಯಾದರೆ 3 ಡೆಸಿಬೆಲ್. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಲು ವ್ಯಾಟ್ ಸುಮಾರು ಹತ್ತು ಪಟ್ಟಾಗಬೇಕು.

ಸ್ಪೀಕರಿನ ಆಯ್ಕೆ ಇದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು 1970ರ ದಶಕದಲ್ಲಿ ರೂಪಿಸಿದ ಎಲ್ಎಸ್3/5ಎ ಎಂಬ ಪುಟ್ಟ ಸ್ಪೀಕರ್ ಮಾನವ ಕಂಠಕ್ಕೆ ಇಂದಿಗೂ ಹೆಸರುವಾಸಿ. ಮೊದಲು 15 ಓಮಿನದಾಗಿದ್ದು 1987ರಲ್ಲಿ 11 ಓಮಿನದಾಯಿತು. ಆಂಪ್ಲಿಫೈಯರಿಗೆ ಬಲು ಸುಲಭದ ಹೊರೆ. ಆದರೆ ಅದರ ಸೆನ್ಸಿಟಿವಿಟಿ 83 ಡೆಸಿಬೆಲ್‌ನ ಸುತ್ತಮುತ್ತ. 89 ಡೆಸಿಬೆಲ್‌ನ ಸ್ಪೀಕರ್ 25 ವ್ಯಾಟಿನಲ್ಲಿ ಮಾಡುವ ಸದ್ದಿಗೆ ಅದಕ್ಕೆ 100 ವ್ಯಾಟ್ ಬೇಕು. ಓಮ್ ಹೆಚ್ಚಿದ್ದ ಮಾತ್ರಕ್ಕೆ ಸಣ್ಣ ಆಂಪ್ಲಿಫೈಯರ್ ಸಾಕೆಂಬ ಮಾತು ಹೀಗೆ ಬಿದ್ದುಹೋಗುತ್ತದೆ.

ಸ್ಪೀಕರಿಗೆ ಹೋದ ವ್ಯಾಟಿನಲ್ಲಿ ಸದ್ದಾಗುವ ಪಾಲು ಎಷ್ಟೆಂದು ನೋಡಿದರೆ ದಂಗಾಗುತ್ತೇವೆ. 87 ಡೆಸಿಬೆಲ್‌ನ ಸ್ಪೀಕರ್‌ನಲ್ಲಿ ಅದು ಸುಮಾರು ಶೇ. 0.3. ಉಳಿದದ್ದರಲ್ಲಿ ಬಹುಪಾಲು ಆ ತೆಳು ತಾಮ್ರದ ಸುರುಳಿಯಲ್ಲಿ ಶಾಖವಾಗುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ. ಜೋರಾಗಿ ಬಹಳ ಹೊತ್ತು ನುಡಿಸಿ ಸುರುಳಿ 100 ಡಿಗ್ರಿಯಷ್ಟು ಕಾದರೆ, ಮೊದಲು ಮಲ್ಟಿಮೀಟರಿನಲ್ಲಿ ಕಂಡ 6 ಓಮ್ ಈಗ 8.3 ಆಗಿರುತ್ತದೆ. ಅದೇ ವೋಲ್ಟೇಜಿಗೆ ಕಡಿಮೆ ಕರೆಂಟು, ಕಡಿಮೆ ಸದ್ದು. ಸದ್ದು ಕುಗ್ಗಿತೆಂದು ವಾಲ್ಯೂಮ್ ಏರಿಸಿದರೆ ಸುರುಳಿ ಇನ್ನೂ ಕಾಯುತ್ತದೆ. ಸ್ಪೀಕರಿನ ಮೇಲೆ ಬರೆದ ‘100 ವ್ಯಾಟ್’ ಅಂದರೆ ಇಷ್ಟೇ: ಸಂಗೀತದಂಥ ಮಿಶ್ರ ಸದ್ದಿನಲ್ಲಿ ಅಷ್ಟರವರೆಗೆ ಈ ಶಾಖವನ್ನು ಅದು ತಾಳಿಕೊಂಡೀತು. 100 ವ್ಯಾಟ್ ಕೊಡಲೇಬೇಕು ಎಂದಲ್ಲ.

ಹಾಗೆಯೇ, 100 ವ್ಯಾಟಿನ ಸ್ಪೀಕರಿಗೆ 30 ವ್ಯಾಟಿನ ಆಂಪ್ಲಿಫೈಯರ್ ಹಾಕಿದರೆ ಏನೂ ಆಗದೆಂಬ ನೆಮ್ಮದಿಯೂ ಬೇಡ. ಆ ಪೆಟ್ಟಿಗೆಯೊಳಗಿನ ಟ್ವೀಟರ್ ಒಂದೇ 100 ವ್ಯಾಟ್ ತಾಳುವುದಿಲ್ಲ. ಸಂಗೀತದಲ್ಲಿ ತಾರ ಸ್ವರಗಳ ಪಾಲು ಕಡಿಮೆ ಎಂಬ ನಂಬಿಕೆಯ ಮೇಲೆ ಅದಕ್ಕೆ ಕೆಲವೇ ವ್ಯಾಟ್ ತಾಳುವ ಸುರುಳಿ ಹಾಕಿರುತ್ತಾರೆ. ಸಣ್ಣ ಆಂಪ್ಲಿಫೈಯರನ್ನು ಹದ ಮೀರಿ ಒತ್ತಿದಾಗ ಮಂದ್ರದ ದೊಡ್ಡ ಅಲೆಗಳು ಚಾವಣಿಗೆ ಬಡಿದು ಅಲ್ಲೇ ನಿಲ್ಲುತ್ತವೆ, ಅವುಗಳ ಪಕ್ಕದ ತಾರ ಸ್ವರಗಳು ಮಾತ್ರ ವಾಲ್ಯೂಮಿನ ಜೊತೆ ಏರುತ್ತಲೇ ಹೋಗುತ್ತವೆ. ಚಪ್ಪಟೆಯಾದ ಅಲೆಯ ಚೂಪು ಅಂಚುಗಳು ಹೊಸ ತಾರ ಸ್ವರಗಳನ್ನೂ ಹುಟ್ಟಿಸುತ್ತವೆ. ಎಲ್ಲ ಸೇರಿ ಟ್ವೀಟರಿನ ಸರಾಸರಿ ಪಾಲು ಲೆಕ್ಕ ಮೀರಿ ಅದರ ಸುರುಳಿ ಸುಟ್ಟುಹೋಗುತ್ತದೆ. ಪೆಟ್ಟು ಮೊಂಡಾಗಿ ಕೇಳಿಸತೊಡಗಿದಾಗ, ಗಾಯನದ ‘ಸ’ಕಾರ ಕಿವಿಗೆ ಚುಚ್ಚತೊಡಗಿದಾಗ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರೆ ಟ್ವೀಟರ್ ಸಾಮಾನ್ಯವಾಗಿ ಉಳಿಯುತ್ತದೆ.

ಇನ್ನು ತಂತಿಯ ಮಾತು ಉಳಿದಿದೆ. 10 ಮೀಟರ್ ದೂರದ ಸ್ಪೀಕರಿಗೆ ಹೋಗಿಬರಲು 20 ಮೀಟರ್ ತಾಮ್ರ. 0.5 ಚದರ ಮಿಲಿಮೀಟರಿನ ತೆಳು ತಂತಿಯಾದರೆ ಅದರದೇ ರೋಧ ಸುಮಾರು 0.7 ಓಮ್. ಸ್ಪೀಕರ್ 40 ಓಮಿನ ಗುಡ್ಡದಲ್ಲಿರುವಾಗ ಇದು ಲೆಕ್ಕಕ್ಕಿಲ್ಲ. 3.2 ಓಮಿನ ತಗ್ಗಿಗೆ ಬಂದಾಗ ಆಂಪ್ಲಿಫೈಯರಿನ ವೋಲ್ಟೇಜಿನಲ್ಲಿ ಶೇ. 17ಕ್ಕೂ ಹೆಚ್ಚನ್ನು ತಂತಿ ತಿಂದುಬಿಡುತ್ತದೆ, ಆ ಸ್ವರಗಳು ಮಾತ್ರ ಒಂದೂವರೆ ಡೆಸಿಬೆಲ್‌ಗಿಂತ ಹೆಚ್ಚು ಕುಗ್ಗುತ್ತವೆ. ಇದಕ್ಕೆ ಬೆಳ್ಳಿಯ ತಂತಿ, ಸಾವಿರಾರು ರೂಪಾಯಿಯ ಕೇಬಲ್ ಯಾವುದೂ ಬೇಕಿಲ್ಲ. ಎಲೆಕ್ಟ್ರಿಷಿಯನ್ ಪ್ಲಗ್ ಪಾಯಿಂಟಿಗೆ ಎಳೆಯುವ 2.5 ಚದರ ಮಿಲಿಮೀಟರಿನ ಮಾಮೂಲಿ ತಾಮ್ರದ ವಯರ್ ಎರಡು ಎಳೆ ಹಾಕಿದರೆ ರೋಧ 0.14 ಓಮಿಗೆ ಇಳಿಯುತ್ತದೆ, ಆ ಕುಗ್ಗು ಅರ್ಧ ಡೆಸಿಬೆಲ್‌ನೊಳಗೆ ಬಂದು ನಿಲ್ಲುತ್ತದೆ.